ಪವರ್ ಬ್ಯಾಂಕ್: ಡಬ್ಬಿಯ ಹಿಂದಿನ ಸಣ್ಣ ಅಂಕಿ ನೋಡಿ

ವೈರ್‌ಲೆಸ್ ಪವರ್ ಬ್ಯಾಂಕ್ ಕೊಳ್ಳುವವರು ಡಬ್ಬಿಯ ಮುಂದೆ ದಪ್ಪಗೆ ಬರೆದ 10000 ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಬಿಡಿ, ಹಿಂದೆ ಸಣ್ಣ ಅಕ್ಷರದಲ್ಲಿರುವ ‘ರೇಟೆಡ್ ಕೆಪಾಸಿಟಿ’, ಅಂದರೆ ನಿಜಕ್ಕೂ ಹೊರಗೆ ಸಿಗುವ ಲೆಕ್ಕ, ಓದಿ. ಸಾಮಾನ್ಯವಾಗಿ ಅದು 6000ದ ಆಸುಪಾಸು ಇರುತ್ತದೆ. ಮೋಸ ಏನಲ್ಲ. ಒಳಗಿನ ಸೆಲ್ ಸುಮಾರು 3.7 ವೋಲ್ಟಿನದು, ಹೊರಗೆ ಕೊಡುವುದು 5 ವೋಲ್ಟ್. ವೋಲ್ಟ್ ಏರಿಸಿದಾಗ ಎಂಎಎಚ್ ಇಳಿಯುತ್ತದೆ, ಒಂದಿಷ್ಟು ಬಿಸಿಯಾಗಿಯೂ ಹೋಗುತ್ತದೆ. ಅದೂ ಕೇಬಲ್ ಹಾಕಿದಾಗಿನ ಲೆಕ್ಕ. ಮೇಲೆ ಫೋನ್ ಇಟ್ಟು ಚಾರ್ಜ್ ಮಾಡಿದರೆ ಇನ್ನೂ ಕಡಿಮೆ, ಫೋನ್ ಸ್ವಲ್ಪ ಪಕ್ಕಕ್ಕೆ ಸರಿದರಂತೂ ಬಿಸಿಯೇ ಜಾಸ್ತಿ. ಹಾಗಾಗಿ ಅಂಗಡಿಯಲ್ಲೇ ಕವರ್ ಸಮೇತ ಫೋನ್ ಇಟ್ಟು ನೋಡಿ. ಮ್ಯಾಗ್ನೆಟ್ ಇರುವಂಥದ್ದಾದರೆ ಎತ್ತಿ ಒಮ್ಮೆ ಅಲ್ಲಾಡಿಸಿ (ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ). ಕವರ್ ತೀರಾ ದಪ್ಪ ಇದ್ದರೆ, ಹಿಂದೆ ಲೋಹದ ರಿಂಗ್ ಅಂಟಿಸಿದ್ದರೆ ಚಾರ್ಜ್ ಹಿಡಿಯದೇ ಇರಬಹುದು. ಹೆಸರು ಗೊತ್ತಿಲ್ಲದ ಅಗ್ಗದ ಮಾಲಿನಲ್ಲಿ ಸಣ್ಣ ಅಂಕಿ ಓದುವ ಉಪಾಯ ನಡೆಯುವುದಿಲ್ಲ, ಅದರ ಹಿಂದೆಯೂ ಬಾಯಿಗೆ ಬಂದ ಅಂಕಿ ಅಚ್ಚಾಗಿರಬಹುದು ಅಲ್ವಾ. ಇನ್ನು ನಮ್ಮ ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ, ಬಸ್ಸಿನ ಕಿಟಕಿ ಪಕ್ಕ, ಎಂಥ ಒಳ್ಳೆಯದು ತಂದರೂ ಫೋನ್ ಕಾದು ಚಾರ್ಜ್ ತಾನಾಗಿಯೇ ನಿಧಾನವಾಗುತ್ತದೆ. ಅಂಥ ಕಡೆ ಕೇಬಲ್ಲೇ ವಾಸಿ.