ಮೊದಲು ಎರಡು ಬರಹ ಓದಿ, ಆಮೇಲೆ ನಿಮ್ಮದು ಕೊಡಿ

ನಮ್ಮ ಕಾಲೇಜಿನ ಸಾಹಿತ್ಯ ಪತ್ರಿಕೆ ಈಗ ವರ್ಷಕ್ಕೆ ಮೂರು ಸಲ ಬರುತ್ತಿದೆ. ಸಾಲ ಇಲ್ಲ. "ಅದೆಲ್ಲ ಎರಡು ಸಂಚಿಕೆಯ ಕಥೆ ಮಾರಾಯ್ರೇ" ಎಂದು ಸ್ಟಾಫ್ ರೂಮಿನಲ್ಲಿ ನಕ್ಕವರೇ ಈಗ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಹಾಗಾಗಿ ಬರೆದುಬಿಡುತ್ತೇನೆ.

ಮೊದಲು ದುಡ್ಡು. ಶುರುವಿಗೆ ಜಾಹೀರಾತು ನಂಬಿದ್ದೆವು. ಅರ್ಧ ಪುಟಕ್ಕೆ ಐನೂರು. ಹುಡುಗರು ಉಡುಪಿ ಪೇಟೆಯಿಡೀ ಸುತ್ತಿದರು. ಬಟ್ಟೆ ಅಂಗಡಿ, ಬೇಕರಿ, ಟ್ಯೂಷನ್‌ನವರು ಎಲ್ಲರೂ "ಹಾಕಿ, ಹಾಕಿ" ಎಂದರು. ಪ್ರಿಂಟ್ ಆದ ಮೇಲೆ ಬಿಲ್ಲು ಹಿಡಿದು ಹೋದರೆ "ಧಣಿ ಇಲ್ಲ, ನಾಳೆ ಬನ್ನಿ". ಆಫ್‌ಸೆಟ್ ಪ್ರೆಸ್ಸಿನಲ್ಲಿ ಐನೂರು ಪ್ರತಿ ಮಾಡಿಸಿದ್ದೆವು. ಇಪ್ಪತ್ತು ಸಾವಿರ ದಾಟಿತ್ತು. ಮಾರಿದ್ದು ಇನ್ನೂರು ಚಿಲ್ಲರೆ. ಉಳಿದ ಕಟ್ಟುಗಳು ಕ್ರೀಡಾ ಸಾಮಾನಿನ ಕೋಣೆಯಲ್ಲಿ ಗೆದ್ದಲು ಹಿಡಿದವು. ಬಾಕಿ ತೀರಿಸಲು ನನ್ನ ಕಿಸೆಯಿಂದಲೂ ಹೋಯಿತು. ಅತಿಥಿ ಉಪನ್ಯಾಸಕನ ಕಿಸೆ ಎಷ್ಟು ಅಂತ ಗೊತ್ತಲ್ವಾ?

ಈಗ ಜಾಹೀರಾತೇ ಇಲ್ಲ. ರಿಸೋ ಮೆಷಿನ್ನಿನಲ್ಲಿ ಮುನ್ನೂರು ಪ್ರತಿ. ನೋಡಲು ಜೆರಾಕ್ಸ್ ಮೆಷಿನ್ನಿನ ಹಾಗೇ, ಆದರೆ ಹಾಳೆಯ ಒಂದೊಂದು ಬದಿಗೂ ಮಾಸ್ಟರ್ ಎಂಬ ತೂತಿನ ಅಚ್ಚುಹಾಳೆ ಮಾಡಿಕೊಂಡು ಅದರಿಂದ ಶಾಯಿ ಒತ್ತುತ್ತದೆ. ಎ4 ಹಾಳೆ ನಡುವೆ ಮಡಚಿದರೆ 32 ಪುಟಕ್ಕೆ ಎಂಟು ಹಾಳೆ, ಎರಡೂ ಬದಿಗೆ ಹದಿನಾರು ಮಾಸ್ಟರ್. ಅಚ್ಚಿನ ಖರ್ಚು ಹೆಚ್ಚಾಗಿ ಮಾಸ್ಟರಿಗೇ. ಒಮ್ಮೆ ಅದಾದರೆ ಪ್ರತಿ ಹೆಚ್ಚಾದಷ್ಟೂ ಅಗ್ಗ. ಐವತ್ತು ಪ್ರತಿಗಾದರೆ ಜೆರಾಕ್ಸ್ ಸಾಕು, ಸಾವಿರ ಬೇಕಾದವರು ಆಫ್‌ಸೆಟ್‌ಗೇ ಹೋಗಲಿ. ರಕ್ಷಾಪುಟ ಮಾತ್ರ ಬಣ್ಣದಲ್ಲಿ, ಬೇರೆ ಕಡೆ. ಪಿನ್ ನಾವೇ ಹೊಡೆಯುತ್ತೇವೆ. ಎಲ್ಲ ಸೇರಿ ಆರು, ಆರೂವರೆ ಸಾವಿರ. ಬೆಲೆ ಮೂವತ್ತು ರೂಪಾಯಿ. ಇನ್ನೂರಿಪ್ಪತ್ತು ಹೋದರೆ ಹಾಕಿದ್ದು ವಾಪಸ್. ಕಾಗದ ಎಲ್ಲಿಂದ ತರುತ್ತೇನೆ ಎಂದು ಮಾತ್ರ ಕೇಳಬೇಡಿ.

ಕಂಪ್ಯೂಟರಿನಲ್ಲಿ ಪುಟ ಜೋಡಿಸಿಕೊಡುವ ಡಿಟಿಪಿಯವರ ಸಹವಾಸವನ್ನೂ ಬಿಟ್ಟೆವು. ಮಕ್ಕಳು ಮೊಬೈಲಿನಲ್ಲಿ ಯುನಿಕೋಡಿನಲ್ಲಿ ಟೈಪ್ ಮಾಡುತ್ತಾರೆ. ಡಿಟಿಪಿಯವರ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್‌ಗೆ ಯುನಿಕೋಡ್ ಆಗದು. ಹಳೇ 'ನುಡಿ' ಫಾಂಟಿಗೆ ಕನ್ವರ್ಟ್ ಮಾಡುವಾಗ ಅರ್ಕಾವತ್ತು ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಎರಡು ಪ್ರೂಫ್ ನೋಡಿದರೂ ಮೂರನೆಯದರಲ್ಲಿ ಹೊಸ ತಪ್ಪು. ಈಗ ಲಿಬ್ರೆ ಆಫೀಸ್ ಎಂಬ ಉಚಿತ ಸಾಫ್ಟ್‌ವೇರ್, ನೋಟೋ ಸೆರಿಫ್ ಕನ್ನಡ ಫಾಂಟು, ಅಲ್ಲಿಂದ ನೇರ ಪಿಡಿಎಫ್. ಪುಟ ಜೋಡಿಸುವ ಕೆಲಸ ಬಿಕಾಂ ಹುಡುಗಿಯೊಬ್ಬಳದು. ನನಗಿಂತ ಚಂದ ಮಾಡುತ್ತಾಳೆ.

ಇಷ್ಟು ಯಾರೂ ಮಾಡಬಹುದು. ಬರೆಯುವವರನ್ನು ಉಳಿಸಿಕೊಳ್ಳುವುದೇ ಕಷ್ಟದ ಕೆಲಸ. ಬರಹ ಹಾಕಲು ಪೆಟ್ಟಿಗೆ ಇಟ್ಟರೆ ಬರುತ್ತಿದ್ದದ್ದು ಅಮ್ಮ, ಮಳೆ, ಮೊದಲ ಪ್ರೀತಿ. ಮುಕ್ಕಾಲು ಪಾಲು ಕವನ. ಅಚ್ಚಾದವರು ತಮ್ಮ ಪುಟದ ಫೋಟೋ ಸ್ಟೇಟಸ್‌ಗೆ ಹಾಕಿ ನಾಪತ್ತೆ. ಬೇರೆಯವರದ್ದನ್ನು ಒಬ್ಬರೂ ಓದುತ್ತಿರಲಿಲ್ಲ.

ಆಗ ಒಂದು ನಿಯಮ ತಂದೆ. ನಿಮ್ಮ ಬರಹ ಕೊಡಬೇಕಾದರೆ ಮೊದಲು ಬೇರೆ ಇಬ್ಬರ ಬರಹ ಓದಿ, ಒಂದೊಂದಕ್ಕೂ ಅರ್ಧ ಪುಟ ಬರೆದುಕೊಡಿ. 'ಚೆನ್ನಾಗಿದೆ', 'ಅದ್ಭುತ' ಎಂದು ಬರೆದರೆ ವಾಪಸ್. ಎಲ್ಲಿ ನಂಬಿಕೆ ಬರಲಿಲ್ಲ, ಎಲ್ಲಿ ಬೋರಾಯಿತು, ಅಷ್ಟು ಹೇಳಿದರೆ ಸಾಕು. ಬರೆದವರ ಹೆಸರು ಮುಚ್ಚಿಟ್ಟೇ ಕೊಡುತ್ತೇನೆ. "ಇರುವ ನಾಲ್ಕು ಜನವೂ ಓಡಿಹೋಗುತ್ತಾರೆ" ಎಂದು ಹಿರಿಯರೊಬ್ಬರು ಮೂಗು ಮುರಿದರು. ಮೊದಲ ಸಲ ಬಂದ ಬರಹ ನಿಜಕ್ಕೂ ಅರ್ಧಕ್ಕಿಳಿಯಿತು. ಸಂಚಿಕೆ 20 ಪುಟಕ್ಕೇ ಮುಗಿಯಿತು.

ಮುಂದಿನ ಸಂಚಿಕೆಗೆ ಕಾರ್ಕಳದ ಕಡೆಯ ಹುಡುಗನೊಬ್ಬ ಕಥೆ ಕೊಟ್ಟ. ಜುಲೈ ತಿಂಗಳ ಬಿರುಗಾಳಿ, ಟ್ರಾಲ್ ಬೋಟಿನಲ್ಲಿ ಹೋದ ಅಪ್ಪ ಮರಳಿ ಬರಲಿಲ್ಲ. ಭಾಷೆ ಎಲ್ಲ ಸೊಗಸು. ಅದು ಮಲ್ಪೆಯ ಹುಡುಗಿಯ ಕೈಗೆ ಹೋಯಿತು. ಅವಳು ಬರೆದದ್ದು: "ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟುಗಳೆಲ್ಲ ದಕ್ಕೆಯಲ್ಲೇ ಕಟ್ಟಿರುತ್ತವೆ. ಇವರಪ್ಪ ಯಾವ ಬೋಟು ಹತ್ತಿದರು?" ಕೆಳಗೆ ಇನ್ನೊಂದು ಸಾಲು: "ನಾಡದೋಣಿಯಾದರೆ ಹೋಗಬಹುದು. ಆಗ ಜೊತೆಗೆ ತುಂಬ ಜನ ಇರುತ್ತಾರೆ, ಅವರೆಲ್ಲಿ?"

ಹುಡುಗ ಎರಡು ದಿನ ಮುಖ ಊದಿಸಿಕೊಂಡಿದ್ದ. ಆಮೇಲೆ ಮಲ್ಪೆ ಬಂದರಿಗೆ ಹೋಗಿ ಕೂತ. ಅಪ್ಪ ಈಗ ನಾಡದೋಣಿ ಹತ್ತಿದ, ಅವನ ಜೊತೆಗೆ ಹೋಗಿ ಬದುಕಿ ಬಂದವನೊಬ್ಬ ಕಥೆಯೊಳಗೆ ಬಂದ. ಆ ಸಂಚಿಕೆಯಲ್ಲಿ ಜನ ಓದಿದ್ದು ಅದೊಂದೇ ಎಂದರೂ ಸರಿ. ಹುಡುಗಿಯೂ ಅಲ್ಲಿಯವರೆಗೆ ಒಂದಕ್ಷರ ಬರೆದವಳಲ್ಲ. ಈಗ ಮೀನು ಏಲಂ ಬಗ್ಗೆ ಬರೆಯುತ್ತಿದ್ದಾಳೆ. ಯಾರದ್ದನ್ನು ಯಾರ ಕೈಗೆ ಕೊಡಬೇಕು ಎಂಬುದಕ್ಕೆ ನನ್ನದೊಂದು ಲೆಕ್ಕ ಇದೆ. ಅದನ್ನು ಇಲ್ಲಿ ಹೇಳುವುದಿಲ್ಲ.

ಈಗ ಬರೆಯುವವರು ನಲವತ್ತರ ಆಸುಪಾಸು. ಕವನ ಅರ್ಧಕ್ಕಿಂತ ಕಡಿಮೆ. ಕೊನೆಯ ನಾಲ್ಕು ಪುಟ ತುಳು, ಕೊಂಕಣಿ, ಬ್ಯಾರಿಗೆ, ಎಲ್ಲ ಕನ್ನಡ ಲಿಪಿಯಲ್ಲೇ. ಮನೆಯವರು ಮೊದಲು ತೆರೆಯುವುದು ಆ ಪುಟಗಳನ್ನೇ, ಹಾಗಾಗಿ ಮಾರಾಟವೂ ಜಾಸ್ತಿ.

ನಡುವೆ ಹುಡುಗರಿಗೆ ರಕ್ಷಾಪುಟವನ್ನು ಲಿನೋ ಎಂಬ ಮೆತ್ತನೆಯ ಹಾಳೆಯಲ್ಲಿ ಕೆತ್ತಿ ಅಚ್ಚು ಹಾಕುವ ಹುಚ್ಚು ಹಿಡಿಯಿತು. 1843ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲೇ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ತಂದಿದ್ದರಲ್ಲ, ನಮ್ಮಿಂದೇನು ಆಗದು ಅಂತ. ಕನ್ನಡದ ದುಂಡಕ್ಷರವನ್ನು ಉಲ್ಟಾ ಕೆತ್ತಿ ನೋಡಿ, ಗೊತ್ತಾಗುತ್ತದೆ. ಎಂಟುನೂರು ರೂಪಾಯಿ, ಇಬ್ಬರ ಬೆರಳಿಗೆ ಬ್ಯಾಂಡೇಜು, ಮಳೆಗಾಲದ ತೇವಕ್ಕೆ ಒಣಗದ ಶಾಯಿ. ಮೂವತ್ತು ಪ್ರತಿಗೆ ನಿಲ್ಲಿಸಿದೆವು. ಆ ಮೂವತ್ತನ್ನು ಐವತ್ತು ರೂಪಾಯಿಗೆ ಇಟ್ಟರೆ ಮೊದಲು ಖಾಲಿಯಾದದ್ದೇ ಅವು!

ಈ ಸಲ ಏಲಂ ಬರಹವೇ ಎಂಟು ಪುಟ ದಾಟುತ್ತಿದೆ, ಒಟ್ಟು 40 ಪುಟ ಆಗಬಹುದು. ಇನ್ನೂ ನಾಲ್ಕು ಮಾಸ್ಟರ್ ಬೇಕು. ಬೆಲೆ ಮೂವತ್ತೈದು ಮಾಡೋಣ ಎಂದೆ, ಹುಡುಗರು ಒಪ್ಪುತ್ತಿಲ್ಲ.