ಯೂನಿವರ್ಸಿಟಿ ಮೇಲನ್ನು ನನ್ನ ಲ್ಯಾಪ್‌ಟಾಪಿಗೆ ತಂದುಕೊಂಡದ್ದು

ಪಿಎಚ್‌ಡಿಯ ನಾಲ್ಕನೇ ವರ್ಷ, ಜುಲೈ ತಿಂಗಳು. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ದೇವರಬನಗಳಲ್ಲಿ ಉಳಿದಿರುವ ಮರಗಳ ಲೆಕ್ಕ ನನ್ನ ವಿಷಯ. ಹಾಗಾಗಿ ಫೀಲ್ಡ್‌ವರ್ಕ್‌ಗೆ ಊರಿಗೇ ಹೋಗಿದ್ದೆ. ಗೈಡ್ ಮೇಡಂ ಮೂರನೇ ಅಧ್ಯಾಯ ತಿದ್ದಿ ಯೂನಿವರ್ಸಿಟಿ ಮೇಲ್‌ಗೆ ಕಳಿಸಿದ್ದರು. ಮೇಲ್ ಬಂದಿದೆ ಅಂತ ಫೋನ್ ತೋರಿಸಿತು. ಅಟ್ಯಾಚ್‌ಮೆಂಟ್ ಮುಟ್ಟುವಷ್ಟರಲ್ಲಿ ಕರೆಂಟ್ ಹೋಯಿತು. ಸಂಜೆ ಹೊತ್ತಿಗೆ ಟವರೂ ಹೋಯಿತು. ಆಮೇಲೆ ನಾಲ್ಕು ದಿನ ಬರೀ ಮಳೆ.

ಮೇಲ್‌ನ ಮೊದಲ ಎರಡು ಸಾಲು ಕಾಣುತ್ತಿತ್ತು, ಫೈಲ್ ತೆರೆಯುತ್ತಿರಲಿಲ್ಲ. ಬ್ಯಾಟರಿ ತುಂಬಿದ ಲ್ಯಾಪ್‌ಟಾಪ್ ಪಕ್ಕದಲ್ಲೇ ಇತ್ತು. ಸಮಯವೂ ಬೇಕಾದಷ್ಟಿತ್ತು. ತಿದ್ದುಪಡಿ ಮಾತ್ರ ಕೈಗೆ ಸಿಗಲಿಲ್ಲ. ಆ ನಾಲ್ಕು ದಿನದಲ್ಲೇ ತೀರ್ಮಾನ ಮಾಡಿದೆ: ನನ್ನ ಮೇಲ್ ನನ್ನ ಲ್ಯಾಪ್‌ಟಾಪಿನಲ್ಲೂ ಇರಬೇಕು, ನೆಟ್ ಇರಲಿ ಬಿಡಲಿ.

ಹಾಸ್ಟೆಲ್‌ಗೆ ವಾಪಸ್ ಬಂದವಳೇ ಥಂಡರ್‌ಬರ್ಡ್ ಹಾಕಿಕೊಂಡೆ. ಬ್ರೌಸರ್ ಇಲ್ಲದೆ ಲ್ಯಾಪ್‌ಟಾಪಿನಲ್ಲೇ ಮೇಲ್ ಇಳಿಸಿಕೊಂಡು ಓದುವ ಸಾಫ್ಟ್‌ವೇರ್ ಇದು. ಇದಕ್ಕೆ ದುಡ್ಡು ಕೊಡಬೇಕಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಮೊದಲ ಪೂರ್ಣ ಆವೃತ್ತಿ (1.0) ಬಂದದ್ದು 2004ರಲ್ಲಿ, ಇವತ್ತಿಗೂ ಹೊಸ ಆವೃತ್ತಿಗಳು ಬರುತ್ತಲೇ ಇವೆ.

ಹೆಸರು, ಮೇಲ್ ವಿಳಾಸ, ಪಾಸ್‌ವರ್ಡ್ ಕೊಟ್ಟರೆ ಉಳಿದದ್ದನ್ನು ಅದೇ ಹುಡುಕಿಕೊಳ್ಳುತ್ತದೆ. ನಾನು ಹುಡುಕಲು ಬಿಡಲಿಲ್ಲ. ನನ್ನ ಹತ್ತಿರ ಯೂನಿವರ್ಸಿಟಿಯ ಒಂದು ಸುತ್ತೋಲೆ ಇತ್ತು. ಅದರಲ್ಲಿ ಸರ್ವರ್ ಹೆಸರು (ಅಂದರೆ ಮೇಲ್ ಇಟ್ಟುಕೊಳ್ಳುವ ಕಂಪ್ಯೂಟರಿನ ಹೆಸರು), ಅದರ ಬಾಗಿಲ ಸಂಖ್ಯೆಯಂತಿರುವ ಪೋರ್ಟ್ 110, ಎಲ್ಲ ಬರೆದಿತ್ತು. ಅಧಿಕೃತ ಕಾಗದ ಅಲ್ವಾ, ಅದನ್ನೇ ನಂಬಿ ಒಂದೊಂದಾಗಿ ತುಂಬಿದೆ. ಸರ್ವರ್ ಸಿಗಲಿಲ್ಲ ಅಂತ ಬಂತು. ಮತ್ತೆ ತುಂಬಿದೆ, ಮತ್ತೆ ಅದೇ. ಒಂದು ಇಡೀ ಸಂಜೆ ಹೀಗೇ ಹೋಯಿತು.

ಆ ಸುತ್ತೋಲೆ ಬಹಳ ಹಳೆಯದು. ಯೂನಿವರ್ಸಿಟಿ ತನ್ನದೇ ಸರ್ವರ್ ಇಟ್ಟುಕೊಂಡಿದ್ದ ಕಾಲದ್ದು. ಈಗ ವಿಳಾಸದ ಕೊನೆಯಲ್ಲಿ ಯೂನಿವರ್ಸಿಟಿಯ ಹೆಸರೇ ಇದ್ದರೂ ಮೇಲ್ ನಿಜವಾಗಿ ಇರುವುದು ಬೇರೆ ಕಡೆ. ನಮ್ಮಲ್ಲಿ ತುಂಬ ಯೂನಿವರ್ಸಿಟಿಗಳು ಮೇಲ್ ವ್ಯವಸ್ಥೆಯನ್ನು ಗೂಗಲ್‌ಗೋ ಮೈಕ್ರೋಸಾಫ್ಟ್‌ಗೋ ಒಪ್ಪಿಸಿವೆ. ಕೆಲವು ಸಂಸ್ಥೆಗಳು ಮಾತ್ರ ಸ್ವಂತ ಸರ್ವರ್ ನಡೆಸುತ್ತವೆ. ಹಾಗಾಗಿ ಮೊದಲು ತಿಳಿದುಕೊಳ್ಳಬೇಕಾದದ್ದು ಒಂದೇ: ನಿಮ್ಮ ಮೇಲ್ ಯಾರ ಮನೆಯಲ್ಲಿದೆ? ಅದು ಗೊತ್ತಾಗದೆ ಪೋರ್ಟ್ ನಂಬರ್ ಹಿಡಿದು ಕೂತರೆ ಪ್ರಯೋಜನವಿಲ್ಲ.

ಇದನ್ನು ನೋಡಲು ಸುಲಭದ ದಾರಿ ಇದೆ, ಪಕ್ಕದ ಲ್ಯಾಬಿನ ಗೆಳತಿ ಹೇಳಿಕೊಟ್ಟಳು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು 'ಎನ್‌ಎಸ್‌ಲುಕಪ್' ಆದೇಶ ಕೊಡಬೇಕು. ಅದರ ಜೊತೆ, ಬೇಕಾದದ್ದು 'ಎಂಎಕ್ಸ್' ದಾಖಲೆ ಅಂತ ಹೇಳಿ, ವಿಳಾಸದಲ್ಲಿ ಆಟ್ ಗುರುತಿನ ನಂತರ ಬರುವ ಹೆಸರನ್ನು ಕೊಡಬೇಕು. ಆ ಹೆಸರಿಗೆ ಬರುವ ಮೇಲನ್ನು ಯಾವ ಸರ್ವರ್ ತೆಗೆದುಕೊಳ್ಳುತ್ತದೆ ಅಂತ ಅದು ಹೇಳುತ್ತದೆ. ನನಗೆ ಬಂದ ಐದೂ ಸಾಲುಗಳ ಕೊನೆಯಲ್ಲಿ ಗೂಗಲ್ ಅಂತಿತ್ತು. ನಿಮಗೆ ಅಲ್ಲಿ ಔಟ್‌ಲುಕ್ ಅಂತ ಕಂಡರೆ ಮೇಲ್ ಮೈಕ್ರೋಸಾಫ್ಟ್ ಹತ್ತಿರ ಇದೆ ಅಂತ ಅರ್ಥ.

ಸುತ್ತೋಲೆ ಪಕ್ಕಕ್ಕಿಟ್ಟು ಹೊಸದಾಗಿ ಶುರು ಮಾಡಿದೆ. ಈಗ ಮೊದಲ ಪ್ರಶ್ನೆ, ಪಾಪ್ ಬೇಕೋ ಐಮ್ಯಾಪ್ ಬೇಕೋ. ಸರ್ವರಿನಿಂದ ಮೇಲ್ ತರುವ ಎರಡು ವಿಧಾನಗಳು ಇವು. ಪಾಪ್ ಮೇಲನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುತ್ತದೆ, ಅಷ್ಟೇ. ಸರ್ವರಿನಲ್ಲೂ ಪ್ರತಿ ಇರಲಿ ಅಂತ ಹೇಳದಿದ್ದರೆ ಅಲ್ಲಿಂದ ತೆಗೆದೂ ಬಿಡಬಹುದು. ಐಮ್ಯಾಪ್ ಹಾಗಲ್ಲ. ಪಹಣಿ ಇದ್ದ ಹಾಗೆ ಅಂದುಕೊಳ್ಳಿ: ಮೂಲ ದಾಖಲೆ ತಾಲ್ಲೂಕು ಕಚೇರಿಯಲ್ಲಿ, ಪ್ರತಿ ನಿಮ್ಮ ಮನೆಯಲ್ಲಿ. ಒಂದೇ ವ್ಯತ್ಯಾಸ, ನಿಮ್ಮ ಪ್ರತಿಯಲ್ಲಿ ಒಂದು ಸಾಲು ಹೊಡೆದು ಹಾಕಿದರೆ ಮೂಲದಲ್ಲೂ ಅದು ಹೋಗುತ್ತದೆ, ಮೂಲದಲ್ಲಿ ಹೋದದ್ದು ನಿಮ್ಮ ಪ್ರತಿಯಲ್ಲೂ ಹೋಗುತ್ತದೆ. ಈ ಮಾತನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ. ಫೋನಿನಲ್ಲೂ ಲ್ಯಾಪ್‌ಟಾಪಿನಲ್ಲೂ ಒಂದೇ ಇನ್‌ಬಾಕ್ಸ್ ಬೇಕಿದ್ದರಿಂದ ನಾನು ಐಮ್ಯಾಪ್ ಆರಿಸಿಕೊಂಡೆ.

ಗೂಗಲ್ ಆದರೆ ಮೇಲ್ ಬರುವ ಸರ್ವರ್ 'ಐಮ್ಯಾಪ್ ಡಾಟ್ ಜಿಮೇಲ್ ಡಾಟ್ ಕಾಮ್', ಪೋರ್ಟ್ 993, ಭದ್ರತೆ (ದಾರಿಯಲ್ಲಿ ಬೇರೆಯವರು ಓದದ ಹಾಗೆ ಕಾಯುವ ವಿಧಾನ) ಎಸ್‌ಎಸ್‌ಎಲ್/ಟಿಎಲ್‌ಎಸ್. ಕಳಿಸುವ ಸರ್ವರ್ 'ಎಸ್‌ಎಂಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್', ಪೋರ್ಟ್ 465. 587 ಕೂಡ ನಡೆಯುತ್ತದೆ, ಆಗ ಭದ್ರತೆ ಸ್ಟಾರ್ಟ್‌ಟಿಎಲ್‌ಎಸ್ ಆಗಬೇಕು. ಮೈಕ್ರೋಸಾಫ್ಟ್ ಆದರೆ 'ಔಟ್‌ಲುಕ್ ಡಾಟ್ ಆಫೀಸ್365 ಡಾಟ್ ಕಾಮ್', ಅದೇ 993. ಕಳಿಸಲು 'ಎಸ್‌ಎಂಟಿಪಿ ಡಾಟ್ ಆಫೀಸ್365 ಡಾಟ್ ಕಾಮ್', 587. ಯೂಸರ್‌ನೇಮ್ ಅಂದರೆ ಪೂರ್ತಿ ಮೇಲ್ ವಿಳಾಸ.

ಎಲ್ಲ ತುಂಬಿದೆ. ಲಾಗಿನ್ ಆಗಲಿಲ್ಲ. ಪಾಸ್‌ವರ್ಡ್ ಮರೆತಿದ್ದೇನೆ ಅಂದುಕೊಂಡು ಎರಡು ಸಲ ಬದಲಾಯಿಸಿದೆ. ಆದರೂ ಇಲ್ಲ. ತೊಂದರೆ ಪಾಸ್‌ವರ್ಡಿನದ್ದೇ ಅಲ್ಲ. ಬರೀ ಪಾಸ್‌ವರ್ಡ್ ಕೊಟ್ಟು ಒಳಗೆ ಬರುವುದನ್ನು ಗೂಗಲ್ 2022ರ ಮೇ ಕೊನೆಯಲ್ಲಿ ವೈಯಕ್ತಿಕ ಖಾತೆಗಳಿಗೆ ನಿಲ್ಲಿಸಿತು, ಆಮೇಲೆ ಸಂಸ್ಥೆಗಳ ಖಾತೆಗಳಿಗೂ ನಿಲ್ಲಿಸಿತು. ಮೈಕ್ರೋಸಾಫ್ಟ್ 2022ರ ಅಕ್ಟೋಬರ್‌ನಿಂದ ನಿಲ್ಲಿಸುತ್ತಾ ಬಂತು. ಈಗ ಬೇಕಾದದ್ದು 'ಓಆತ್2', ಅಂದರೆ ಪಾಸ್‌ವರ್ಡ್ ಬದಲು ಅನುಮತಿ ಕೊಟ್ಟು ಒಳಗೆ ಬಿಡುವ ವಿಧಾನ. ಸರ್ವರ್ ಸೆಟ್ಟಿಂಗ್ಸ್‌ನಲ್ಲಿ 'ಅಥೆಂಟಿಕೇಶನ್ ಮೆಥಡ್' ಅಂತ ಒಂದು ಪಟ್ಟಿ ಇರುತ್ತದೆ. ಅಲ್ಲಿ 'ನಾರ್ಮಲ್ ಪಾಸ್‌ವರ್ಡ್' ತೆಗೆದು ಓಆತ್2 ಇಡಬೇಕು. ಬರುವ ಸರ್ವರಿಗೂ ಕಳಿಸುವ ಸರ್ವರಿಗೂ ಎರಡಕ್ಕೂ.

ಹಾಗೆ ಮಾಡಿದಾಗ ಲಾಗಿನ್ ಪುಟದ ಒಂದು ಸಣ್ಣ ಕಿಟಕಿ ತೆರೆಯುತ್ತದೆ. ಫೋನಿಗೆ ಬರುವ ಕೋಡ್ ಏನಿದ್ದರೂ ಅಲ್ಲೇ ಕೊಡುವುದು. ಥಂಡರ್‌ಬರ್ಡ್ ನಿಮ್ಮ ಪಾಸ್‌ವರ್ಡ್ ಇಟ್ಟುಕೊಳ್ಳುವುದಿಲ್ಲ, ಒಂದು ಅನುಮತಿಯ ಟೋಕನ್ ಮಾತ್ರ ಇಟ್ಟುಕೊಳ್ಳುತ್ತದೆ. ನನಗೆ ಇದು ತುಂಬಾ ಹಿಡಿಸಿತು. ಲ್ಯಾಪ್‌ಟಾಪ್ ಕಳೆದುಹೋದರೆ ಗೂಗಲ್ ಖಾತೆಗೆ ಹೋಗಿ ಆ ಒಂದು ಅನುಮತಿ ರದ್ದು ಮಾಡಿದರೆ ಆಯಿತು. ಒಂದು ಮಾತು: ಥಂಡರ್‌ಬರ್ಡ್‌ನಲ್ಲಿ ಕುಕೀಸ್ ಬಂದ್ ಮಾಡಿದ್ದರೆ ಈ ಕಿಟಕಿ ಕೆಲಸ ಮಾಡುವುದಿಲ್ಲ.

ನನ್ನದು ಅಲ್ಲಿಗೂ ಮುಗಿಯಲಿಲ್ಲ. ಬ್ರೌಸರಿನಲ್ಲಿ ಜಿಮೇಲ್ ಸೆಟ್ಟಿಂಗ್ಸ್ ತೆರೆದು ನೋಡಿದರೆ ಐಮ್ಯಾಪ್ ಶುರು ಮಾಡುವ ಆಯ್ಕೆಯೇ ಇರಲಿಲ್ಲ. ಸಂಸ್ಥೆಯ ಅಡ್ಮಿನ್ ಇದನ್ನು ಎಲ್ಲರಿಗೂ ಬಂದ್ ಮಾಡಿ ಇಡಬಹುದು. ಕಂಪ್ಯೂಟರ್ ಸೆಂಟರ್‌ಗೆ ಹೋದೆ.

"ಸರ್, ನನ್ನ ಮೇಲ್‌ಗೆ ಐಮ್ಯಾಪ್ ಬೇಕಿತ್ತು."

"ಅದನ್ನ ಸ್ಟೂಡೆಂಟ್ಸ್‌ಗೆಲ್ಲ ಆಫ್ ಇಟ್ಟಿದೀವಮ್ಮ. ಬ್ರೌಸರಲ್ಲೇ ನೋಡಬಹುದಲ್ಲ?"

ಊರಿನ ಮಳೆ, ಟವರ್, ತೆರೆಯದೆ ಉಳಿದ ಅಧ್ಯಾಯ ಎಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ನಮ್ಮದು ಶೃಂಗೇರಿ ಹತ್ತಿರ. ಮಳೆಗಾಲದ ಕಥೆ ಗೊತ್ತು ಬಿಡಿ. ಗೈಡ್ ಸೈನ್ ಹಾಕಿಸಿ ಒಂದು ಲೆಟರ್ ಕೊಡಿ, ರಿಸರ್ಚ್ ಸ್ಕಾಲರ್ಸ್‌ಗೆ ಬೇರೆ ಗ್ರೂಪ್ ಮಾಡಿ ಆನ್ ಮಾಡ್ತೀನಿ."

ಮೂರನೇ ದಿನ ಆನ್ ಆಯಿತು, ನನಗೊಬ್ಬಳಿಗೇ ಅಲ್ಲ, ಎಲ್ಲ ಸಂಶೋಧನಾ ವಿದ್ಯಾರ್ಥಿಗಳಿಗೂ. ಅವರಿಗೆ ನಾನು ಈಗಲೂ ಋಣಿ. ನಿಮಗೂ ಹೀಗೆ ಬಾಗಿಲು ಮುಚ್ಚಿದ್ದರೆ ಅಡ್ಡದಾರಿ ಹುಡುಕಬೇಡಿ. ಮೇಲನ್ನೆಲ್ಲ ಸ್ವಂತ ಜಿಮೇಲ್‌ಗೆ ಫಾರ್ವರ್ಡ್ ಮಾಡಿಕೊಳ್ಳುವವರಿದ್ದಾರೆ. ಅದರಲ್ಲಿ ಬೇರೆಯವರ ಅಂಕಪಟ್ಟಿ, ಅಪ್ರಕಟಿತ ಲೇಖನ ಎಲ್ಲ ಇರುತ್ತದೆ. ಹೋಗಿ ಕೇಳಿ, ಕಾರಣ ಹೇಳಿ.

ಆವತ್ತು ರಾತ್ರಿ ಮೇಲ್ ಇಳಿಯಲು ಶುರುವಾಯಿತು. ಗೂಗಲ್ ಐಮ್ಯಾಪ್‌ನಲ್ಲಿ ದಿನಕ್ಕೆ ಸುಮಾರು 2500 ಎಂಬಿ ಇಳಿಸಿಕೊಳ್ಳುವ ಮಿತಿ ಇದೆ. ನನ್ನದು ಫೋಟೋ ತುಂಬಿದ ಖಾತೆ, 9 ಜಿಬಿ ದಾಟಿತ್ತು. ಇನ್ನೊಂದು ವಿಷಯ, ಜಿಮೇಲ್‌ನ ಒಂದೊಂದು ಲೇಬಲ್ ಕೂಡ ಇಲ್ಲಿ ಒಂದೊಂದು ಫೋಲ್ಡರ್ ಆಗಿ ಕಾಣುತ್ತದೆ. ಒಂದೇ ಪತ್ರ ಇನ್‌ಬಾಕ್ಸ್‌ನಲ್ಲೂ 'ಆಲ್ ಮೇಲ್'ನಲ್ಲೂ ಬಂದು ಡಿಸ್ಕ್‌ನಲ್ಲಿ ಎರಡು ಪಟ್ಟು ಜಾಗ ಹಿಡಿಯುತ್ತದೆ. ಆದ್ದರಿಂದ ಲೇಬಲ್ ಸೆಟ್ಟಿಂಗ್ಸ್‌ನಲ್ಲಿ 'ಆಲ್ ಮೇಲ್' ಎದುರಿನ 'ಶೋ ಇನ್ ಐಮ್ಯಾಪ್' ಟಿಕ್ ತೆಗೆದೆ. ಥಂಡರ್‌ಬರ್ಡ್‌ನ 'ಸಿಂಕ್ರೊನೈಸೇಶನ್ ಆಂಡ್ ಸ್ಟೋರೇಜ್'ನಲ್ಲಿ ಮೇಲನ್ನು ಈ ಕಂಪ್ಯೂಟರಿನಲ್ಲಿ ಇಡು ಅನ್ನುವುದಕ್ಕೆ ಟಿಕ್ ಹಾಕಿ, 'ಅಡ್ವಾನ್ಸ್‌ಡ್' ಒತ್ತಿ ಬೇಕಾದ ಫೋಲ್ಡರ್‌ಗಳನ್ನು ಮಾತ್ರ ಆರಿಸಿದೆ. ನಾಲ್ಕು ರಾತ್ರಿ ಲ್ಯಾಪ್‌ಟಾಪ್ ಆನ್ ಇಟ್ಟೇ ಮಲಗಿದೆ.

ಕನ್ನಡದ್ದು ಒಂದು ಮಾತು. ಯೂನಿಕೋಡ್‌ನಲ್ಲಿ ಬರೆದ ಮೇಲ್‌ಗಳು ಚೆನ್ನಾಗಿಯೇ ಬಂದವು. ಅಕ್ಷರ ಸಣ್ಣ ಅನ್ನಿಸಿತು. ಫಾಂಟ್ ಸೆಟ್ಟಿಂಗ್ಸ್‌ನ 'ಅಡ್ವಾನ್ಸ್‌ಡ್' ಭಾಗದಲ್ಲಿ ಭಾಷೆ ಕನ್ನಡ ಅಂತ ಆರಿಸಿ ಗಾತ್ರ ಹೆಚ್ಚಿಸಿದೆ, ನೋಟೊ ಸಾನ್ಸ್ ಕನ್ನಡ ಫಾಂಟ್ ಇಟ್ಟೆ. 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಆಸ್ಕಿ ಅಕ್ಷರದಲ್ಲಿ ಬಂದ ಕೆಲವು ಪತ್ರ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಂಡವು. ಅದು ಥಂಡರ್‌ಬರ್ಡ್ ತಪ್ಪಲ್ಲ. ಆ ಪಠ್ಯವನ್ನು ಕಾಪಿ ಮಾಡಿ ಯೂನಿಕೋಡ್‌ಗೆ ಪರಿವರ್ತಿಸಿಕೊಂಡರೆ ಓದಬಹುದು. ಬನದ ಪೂಜೆ ಬಗ್ಗೆ ಹಿರಿಯರೊಬ್ಬರು ಬರೆದ ಪತ್ರ ಹಾಗೆ ಸಿಕ್ಕಿತು.

ಈಗ ಆಗಲೇ ಹೇಳಿದ ಪಹಣಿ ಮಾತು. ಐಮ್ಯಾಪ್ ಇದೆ, ಎಲ್ಲ ನನ್ನ ಹತ್ತಿರ ಇದೆ ಅಂತ ನಿಶ್ಚಿಂತೆಯಿಂದ ಇರಬೇಡಿ. ಕೋರ್ಸ್ ಮುಗಿದ ಮೇಲೆ ಖಾತೆ ಮುಚ್ಚುವ ಯೂನಿವರ್ಸಿಟಿಗಳಿವೆ. ಸಂಸ್ಥೆಗಳಿಗೆ ಕೊಡುತ್ತಿದ್ದ ಮಿತಿಯಿಲ್ಲದ ಜಾಗ ನಿಲ್ಲಿಸುವುದಾಗಿ ಗೂಗಲ್ 2021ರಲ್ಲಿ ಹೇಳಿತು. ಪೂರ್ತಿ ಸಂಸ್ಥೆಗೆ ಮೂಲ ಮಿತಿ 100 ಟಿಬಿ. ಹಾಗಾಗಿ ಹಳೆಯ ಖಾತೆ ಇಟ್ಟುಕೊಳ್ಳುವುದು ಅವರಿಗೂ ಕಷ್ಟ. ನಮ್ಮ ಸೀನಿಯರ್ ಒಬ್ಬರ ಆರು ವರ್ಷದ ಪತ್ರವ್ಯವಹಾರ ಹೀಗೇ ಹೋಯಿತು. ಸಹ ಲೇಖಕರ ಒಪ್ಪಿಗೆ, ಅರಣ್ಯ ಇಲಾಖೆಯ ಅನುಮತಿ ಎಲ್ಲ ಅದರಲ್ಲೇ ಇತ್ತು.

ನಾನು ಹೀಗೆ ಮಾಡುತ್ತೇನೆ. ಥಂಡರ್‌ಬರ್ಡ್‌ನ ಎಡಬದಿಯಲ್ಲಿ ಕೆಳಗೆ 'ಲೋಕಲ್ ಫೋಲ್ಡರ್ಸ್' ಅಂತ ಇರುತ್ತದೆ. ಅಲ್ಲಿರುವುದಕ್ಕೂ ಸರ್ವರಿಗೂ ಸಂಬಂಧವಿಲ್ಲ. ಅಲ್ಲಿ ಅನುಮತಿಗಳು, ಗೈಡ್, ಜರ್ನಲ್ ಅಂತ ಮೂರು ಫೋಲ್ಡರ್ ಮಾಡಿದ್ದೇನೆ. ಮುಖ್ಯವಾದ ಪತ್ರಗಳನ್ನು ತಿಂಗಳಿಗೊಮ್ಮೆ ಅಲ್ಲಿಗೆ ಕಾಪಿ ಮಾಡುತ್ತೇನೆ. ಕಾಪಿ, ಮೂವ್ ಅಲ್ಲ. ಮೂವ್ ಮಾಡಿದರೆ ಸರ್ವರಿನ ಆ ಫೋಲ್ಡರಿನಿಂದ ಹೋಗಿಬಿಡುತ್ತದೆ. ಆಮೇಲೆ ಥಂಡರ್‌ಬರ್ಡ್ ಮುಚ್ಚಿ, ಮೇಲ್, ಸೆಟ್ಟಿಂಗ್ಸ್ ಎಲ್ಲ ಇರುವ ಅದರ ಪ್ರೊಫೈಲ್ ಫೋಲ್ಡರನ್ನು ಹಾಗೇ ಬೇರೆ ಹಾರ್ಡ್ ಡಿಸ್ಕಿಗೆ ಹಾಕಿಕೊಳ್ಳುತ್ತೇನೆ. ಮುಚ್ಚದೆ ಕಾಪಿ ಮಾಡಿದರೆ ಫೈಲ್ ಅರ್ಧಂಬರ್ಧ ಆಗುವ ಭಯ ಇದೆ. ಈ ಮೇಲ್‌ಗಳು ಡಿಸ್ಕ್‌ನಲ್ಲಿ ಬೀಗವಿಲ್ಲದೆ ಇರುತ್ತವೆ. 'ಪ್ರೈಮರಿ ಪಾಸ್‌ವರ್ಡ್' ಹಾಕಿದರೂ ಕಾಪಾಡುವುದು ಉಳಿಸಿದ ಪಾಸ್‌ವರ್ಡ್, ಟೋಕನ್‌ಗಳನ್ನು ಮಾತ್ರ. ಅದಕ್ಕೇ ಲ್ಯಾಪ್‌ಟಾಪಿನ ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡಿದ್ದೇನೆ.

ಮುಂದಿನ ವರ್ಷ ಮತ್ತೆ ಜುಲೈನಲ್ಲಿ ಊರಿಗೆ ಹೋದೆ. ಹೊರಡುವ ಮುಂಚೆ ಬಸ್ ಸ್ಟ್ಯಾಂಡಿನಲ್ಲಿ ಫೋನಿನ ಹಾಟ್‌ಸ್ಪಾಟ್ ಹಾಕಿ, ಫೈಲ್ ಮೆನುವಿನ 'ಆಫ್‌ಲೈನ್' ಒಳಗಿರುವ 'ಡೌನ್‌ಲೋಡ್/ಸಿಂಕ್ ನೌ' ಒತ್ತಿದೆ. ಮೇಡಂ ಐದನೇ ಅಧ್ಯಾಯ ತಿದ್ದಿ ಕಳಿಸಿದ್ದರು. ಮನೆ ಸೇರಿದ ರಾತ್ರಿಯೇ ಕರೆಂಟ್ ಇಲ್ಲ, ಟವರ್ ಇಲ್ಲ. ಜಗಲಿಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆದೆ. ಧೂಪದ ಮರದ ಸುತ್ತಳತೆಯ ಕೋಷ್ಟಕದ ಪಕ್ಕ ಅವರ ಕೆಂಪು ಅಕ್ಷರ: 'ಎರಡನೇ ಬನದ ಲೆಕ್ಕ ಇನ್ನೊಮ್ಮೆ ನೋಡಮ್ಮ.' ಮಾರನೇ ದಿನ ಕೊಡೆ ಹಿಡಿದು ಟೇಪ್ ತಗೊಂಡು ಹೋಗಿ ಅಳೆದು ಬಂದೆ. ಎರಡು ಮರ ಬಿಟ್ಟುಹೋಗಿತ್ತು. ತಿದ್ದಿದ ಕೋಷ್ಟಕ ಸೇರಿಸಿ ಉತ್ತರ ಬರೆದು 'ಸೆಂಡ್ ಲೇಟರ್' ಕೊಟ್ಟೆ, ಅದು ಔಟ್‌ಬಾಕ್ಸ್‌ನಲ್ಲಿ ಕೂತಿತು. ಶನಿವಾರ ಅಪ್ಪನ ಜೊತೆ ತೀರ್ಥಹಳ್ಳಿ ಪೇಟೆಗೆ ಹೋದಾಗ ನೆಟ್ ಸಿಕ್ಕಿತು. 'ಸೆಂಡ್ ಅನ್‌ಸೆಂಟ್ ಮೆಸೇಜಸ್' ಒತ್ತಿದೆ. ಔಟ್‌ಬಾಕ್ಸ್ ಖಾಲಿಯಾಯಿತು.