ಅತ್ತೆಯ ದಮ್ಮು, ನನ್ನ ಸೊಳ್ಳೆ ಬತ್ತಿ

2021ರ ಮೇ ತಿಂಗಳು. ತೌಕ್ತೆ ಚಂಡಮಾರುತ ನಮ್ಮ ಕರಾವಳಿ ಹಾದು ಹೋದ ದಿನ. ಪಡುಬಿದ್ರಿ ಕಡೆಯ ನಮ್ಮ ಮನೆಯಲ್ಲಿ ಮಧ್ಯಾಹ್ನಕ್ಕೇ ಕರೆಂಟು ಹೋಯಿತು. "ಕಿಟಕಿ ಹಾಕು ಮಾರಾಯ್ತಿ, ಗಾಳಿ ತಾಗಿದ್ರೆ ದಮ್ಮು ಜಾಸ್ತಿ ಆಗ್ತದೆ" ಅಂದರು ಅತ್ತೆ. ಎಲ್ಲ ಹಾಕಿದೆ. ಫ್ಯಾನಿಲ್ಲ, ಸೊಳ್ಳೆ ಕಾಟ ಅಂತ ಬತ್ತಿ ಹಚ್ಚಿದೆ. ಬಚ್ಚಲ ಒಲೆಯಲ್ಲಿ ತೆಂಗಿನ ಒದ್ದೆ ಮಡಲು ಹೊಗೆಯಾಡುತ್ತಿತ್ತು. ರಾತ್ರಿ ಅತ್ತೆ ಮಂಚದಲ್ಲಿ ಎದ್ದು ಕೂತರು. ಮಂಡಿಗೆ ಕೈ ಊರಿಕೊಂಡಿದ್ದರು, ಎದೆಯಲ್ಲಿ ಸುಯ್ ಸುಯ್ ಸದ್ದು. ಔಷಧಿಯನ್ನು ಮಂಜಿನ ಹಾಗೆ ಮಾಡಿ ಉಸಿರಿಗೆ ಕೊಡುವ ನೆಬುಲೈಸರ್, ಕರೆಂಟಿಲ್ಲದೆ ಮೂಲೆಯಲ್ಲಿ ಸುಮ್ನೆ ಕೂತಿತ್ತು. ಪಂಪ್ (ಇನ್ಹೇಲರ್) ಬಾಯಿಗಿಟ್ಟು ಒತ್ತಿದೆ, ಔಷಧಿ ಅರ್ಧ ನಾಲಿಗೆಗೇ ಹೋಯಿತು. ಹೇಗೋ ಬೆಳಗಾಯಿತು.

ಆಮೇಲೆ ಡಾಕ್ಟರು ಸ್ಪೇಸರ್ ಕೊಡಿಸಿದರು. ಪಂಪಿಗೆ ಸಿಕ್ಕಿಸುವ ಪ್ಲಾಸ್ಟಿಕ್ಕಿನ ಒಂದು ಡಬ್ಬ, ಅಷ್ಟೇ. ಒಂದು ಸಲ ಪಂಪ್ ಒತ್ತಿ, ನಿಧಾನಕ್ಕೆ ನಾಲ್ಕೈದು ಉಸಿರು ಎಳೆದು, ಆಮೇಲೆ ಇನ್ನೊಂದು. ಅದಕ್ಕೆ ಕರೆಂಟು ಬೇಡ. ಸೋಪಿನ ನೀರಲ್ಲಿ ಅದ್ದಿ ತೆಗೆದು ಹಾಗೇ ಆರಲು ಬಿಡುತ್ತೇನೆ. ಬಟ್ಟೆಯಿಂದ ಒರೆಸಿದರೆ ಔಷಧಿ ಅದರ ಗೋಡೆಗೇ ಅಂಟಿಕೊಳ್ಳುತ್ತದಂತೆ.

2016ರಲ್ಲಿ ಮೆಲ್ಬರ್ನಿನಲ್ಲಿ ಗುಡುಗು-ಮಳೆಗೆ ಹುಲ್ಲಿನ ಪರಾಗ ಒಡೆದು, ಸಾವಿರಾರು ಜನ ಉಸಿರಾಟದ ತೊಂದರೆಯಿಂದ ಆಸ್ಪತ್ರೆಗೆ ಓಡಿದ್ದರು. ನಮ್ಮ ಮನೆಯಲ್ಲಿ ಅಷ್ಟು ದೂರ ಹುಡುಕಬೇಕಿರಲಿಲ್ಲ. ಕಿಟಕಿ ಮುಚ್ಚಿ ಒಳಗೆ ಹೊಗೆ ತುಂಬಿಸಿದವಳು ನಾನೇ ಅಲ್ವಾ? ಈಗ ಬತ್ತಿ ಬಿಟ್ಟು ಸೊಳ್ಳೆ ಪರದೆ ಕಟ್ಟಿದ್ದೇನೆ.

ಇನ್ನೊಂದು ವಿಷಯ ತಿಳಿಯಲು ಒಂದು ಮಳೆಗಾಲವೇ ಹಿಡಿಯಿತು. ಅತ್ತೆ ದಿನಾ ಎಳೆಯುವ ಪುಡಿಯ ಕ್ಯಾಪ್ಸೂಲನ್ನು ವಾರಕ್ಕಾಗುವಷ್ಟು ಸ್ಟ್ರಿಪ್ಪಿನಿಂದ ಬಿಡಿಸಿ ಸ್ಟೀಲ್ ಕರಡಿಗೆಯಲ್ಲಿ ಇಡುತ್ತಿದ್ದರು. ಜುಲೈಯಲ್ಲಿ ನೋಡಿದರೆ ಮುಟ್ಟಿದ ಕೂಡಲೇ ಮೆತ್ತಗೆ. ಒಳಗಿನ ಪುಡಿ ಗಂಟುಕಟ್ಟಿತ್ತು. ತಿಂಗಳುಗಟ್ಟಲೆ ಏನು ಎಳೆದರೋ ದೇವರೇ ಬಲ್ಲ! ಈಗ ಎಳೆಯುವ ಹೊತ್ತಿಗೇ ಒಂದೊಂದು ಬಿಡಿಸುತ್ತೇವೆ.

ಪಡುವಣ ಗೋಡೆ ಮಳೆಗೆ ನೆನೆದು ಕಪಾಟಿನ ಹಿಂದೆ ಕಪ್ಪು ಬೂಸು ಹಿಡಿಯುತ್ತಿತ್ತು. ಮಂಚವನ್ನು ಆ ಗೋಡೆಯಿಂದ ದೂರ ಎಳೆದೆವು. ಒದ್ದೆ ಬಟ್ಟೆ ಒಣಗುವುದು ಈಗ ಚಾವಡಿಯಲ್ಲಿ. ಬೂಸು ಒರೆಸುವ ದಿನ ಅತ್ತೆ ಪಕ್ಕದ ಮನೆಯಲ್ಲಿರುತ್ತಾರೆ. ಪಂಪ್ ಕೊಟ್ಟರೂ ತಗ್ಗದಿದ್ದರೆ, ಒಂದು ಮಾತು ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಯಾದರೆ ಗಾಳಿ-ಮಳೆ ನೋಡದೆ ಆಸ್ಪತ್ರೆಗೆ ಹೊರಡುವುದು ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿಟ್ಟಿದ್ದೇನೆ.

ಬಚ್ಚಲ ಒಲೆಯ ಜಗಳ ಮಾತ್ರ ಮುಗಿದಿಲ್ಲ. "ಗೀಸರಿನ ನೀರು ಮೈಗೆ ತಾಗುದೇ ಇಲ್ಲ" ಅನ್ನುತ್ತಾರೆ ಅತ್ತೆ. ಸದ್ಯಕ್ಕೆ ಒಣ ಗೆರಟೆ ಮಾತ್ರ ಉರಿಸುವುದು, ಅದೂ ನಾನೇ, ಬಚ್ಚಲ ಬಾಗಿಲು ಹಾಕಿಕೊಂಡು.